ಗರಿಷ್ಠ ತಾಪಮಾನವೊಂದೇ ಸಾಲದು, ಮಧ್ಯಾಹ್ನದ ತೇವಾಂಶವನ್ನೂ ಪ್ರಕಟಿಸಿ

ಮಾನ್ಯರೇ,

ಬೇಸಿಗೆ ಬಂತೆಂದರೆ ಪತ್ರಿಕೆಗಳ ಹವಾಮಾನ ಅಂಕಣದಲ್ಲಿ ಎದ್ದು ಕಾಣುವುದು ಗರಿಷ್ಠ ತಾಪಮಾನ. ಅದು 40 ಡಿಗ್ರಿ ದಾಟಿದರೆ ಮುಖಪುಟಕ್ಕೂ ಬರುತ್ತದೆ. ಆದರೆ ಸೆಕೆಯಿಂದ ಮನುಷ್ಯನ ಜೀವಕ್ಕೆ ಎಷ್ಟು ಅಪಾಯ ಎಂಬುದು ಆ ಒಂದು ಅಂಕಿಯಿಂದ ತಿಳಿಯುವುದಿಲ್ಲ. ಗಾಳಿಯಲ್ಲಿನ ತೇವಾಂಶ ಮತ್ತು ರಾತ್ರಿಯ ಕನಿಷ್ಠ ತಾಪಮಾನವನ್ನೂ ಅದರ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಕೊಡಬೇಕೆಂದು ಕೋರಿ ಈ ಪತ್ರ.

ದೇಹದ ಒಳಗಿನ ಉಷ್ಣತೆ 37 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಚರ್ಮದ್ದು ಸುಮಾರು 35. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾದ ಮೇಲೆ ಮೈಯ ಶಾಖ ಹೊರಹೋಗಲು ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊ ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆವಿಯಾಗದೆ ತೊಟ್ಟಿಕ್ಕಿ ಹೋದ ಬೆವರು ನೀರನ್ನೂ ಉಪ್ಪನ್ನೂ ಕಳೆಯುತ್ತದೆಯೇ ಹೊರತು ಮೈಯನ್ನು ತಂಪು ಮಾಡುವುದಿಲ್ಲ. ಗಾಳಿಯಲ್ಲಿ ಮೊದಲೇ ನೀರಾವಿ ತುಂಬಿದ್ದರೆ ಆಗುವುದು ಇದೇ.

ಇದನ್ನು ಅಳೆಯಲು ವೆಟ್ ಬಲ್ಬ್ ತಾಪಮಾನವಿದೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣಾಂಶ ಅದು; ಬಟ್ಟೆಯ ನೀರು ಆರಿದಷ್ಟೂ ಅಂಕಿ ಇಳಿಯುತ್ತದೆ. 40 ಡಿಗ್ರಿ ಬಿಸಿಲು, ಶೇ 20 ತೇವಾಂಶವಿದ್ದ (ಅಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯ ಐದರಲ್ಲೊಂದು ಪಾಲಿದ್ದ) ದಿನ ಅದು ಸುಮಾರು 23. 34 ಡಿಗ್ರಿ, ಶೇ 80 ತೇವಾಂಶವಿದ್ದ ದಿನ ಸುಮಾರು 31. ಈಗಿನ ಅಂಕಣ ಓದಿದವರಿಗೆ ಎರಡನೆಯ ದಿನ ಆರು ಡಿಗ್ರಿ ಹಿತವೆನಿಸುತ್ತದೆ. ಬೆವರಿಗೆ ಆರಲು ಜಾಗವೇ ಇಲ್ಲದ ದಿನ ಅದೇ. ವೆಟ್ ಬಲ್ಬ್ 35 ಮುಟ್ಟಿ ಕೆಲವು ಗಂಟೆ ಹಾಗೇ ಉಳಿದರೆ, ನೆರಳಲ್ಲಿ ಕುಳಿತು ನೀರು ಕುಡಿಯುತ್ತಿರುವ ಆರೋಗ್ಯವಂತನೂ ಬದುಕುವುದು ಕಷ್ಟ ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆರೋಗ್ಯವಂತ ಯುವಕ ಯುವತಿಯರನ್ನೇ ಪರೀಕ್ಷಿಸಿದಾಗ, ಲಘು ಚಟುವಟಿಕೆಯಲ್ಲಿದ್ದವರ ದೇಹ ವೆಟ್ ಬಲ್ಬ್ 31ರ ಹತ್ತಿರವೇ ತನ್ನ ಉಷ್ಣತೆಯನ್ನು ಹಿಡಿದಿಡಲಾಗದೆ ಕೈಚೆಲ್ಲಿತು. ವೃದ್ಧರ ಮಿತಿ ಇನ್ನೂ ಕೆಳಗೆ. ಹಾಗೆಂದು ಒಣ ಬಿಸಿಲು ಸುರಕ್ಷಿತವೆಂದಲ್ಲ. ಅಲ್ಲಿ ಬೆವರು ಹುಟ್ಟಿದಲ್ಲೇ ಆರುವುದರಿಂದ ಎಷ್ಟು ನೀರು ಕಳೆದುಕೊಂಡೆವೆಂಬುದೇ ಗೊತ್ತಾಗುವುದಿಲ್ಲ.

ಶಾಲೆ, ಕಾರ್ಖಾನೆ, ಕಟ್ಟಡ ಕಾಮಗಾರಿಯ ಸ್ಥಳಗಳಲ್ಲಿ ಇದನ್ನು ಯಾರು ಬೇಕಾದರೂ ಅಳೆಯಬಹುದು. ಒಂದೇ ಬಗೆಯ ಎರಡು ಥರ್ಮಾಮೀಟರ್ ನೆರಳಿನಲ್ಲಿ ತೂಗುಹಾಕಿ. ಒಂದರ ಬುರುಡೆಗೆ ತೆಳು ಹತ್ತಿ ಬಟ್ಟೆಯನ್ನು ಒಂದೇ ಸುತ್ತು ಸುತ್ತಿ, ಬಟ್ಟೆಯ ತುದಿ ನೀರಿನ ಬಟ್ಟಲಿನಲ್ಲಿ ಮುಳುಗಿರಲಿ. ಫ್ಯಾನಿನ ಗಾಳಿ ತಾಗುವಂತೆ ಮಾಡಿ, ಪಾದರಸ ಇಳಿಯುವುದು ನಿಂತ ಮೇಲೆ ಓದಿಕೊಳ್ಳಿ. ತಪ್ಪಾದರೆ ಬಹುತೇಕ ಬಟ್ಟೆಯಿಂದಲೇ: ಗಡಸು ನೀರಿನ ಲವಣ, ಧೂಳು, ಕೈಯ ಎಣ್ಣೆ ಅಂಟಿದರೆ ನೀರು ಮೇಲೇರದೆ ಅಂಕಿ ಹೆಚ್ಚು ತೋರಿಸುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ, ಬಟ್ಟೆಯನ್ನು ಆಗಾಗ ಬದಲಿಸಿದರೆ ಸಾಕು. ಇದು ನೆರಳಿನ ಅಂಕಿ ಎಂಬುದು ನೆನಪಿರಲಿ. ಹವಾಮಾನ ಕೇಂದ್ರಗಳೂ ಉಷ್ಣಾಂಶವನ್ನು ನೆರಳಿನ ಬಿಳಿ ಪೆಟ್ಟಿಗೆಯೊಳಗೇ ಅಳೆಯುತ್ತವೆ. ಬಿಸಿಲಿಗೆ ಬೆನ್ನೊಡ್ಡಿ ದುಡಿಯುವವರ ಮೇಲೆ ಬೀಳುವ ಹೊರೆ ಅದಕ್ಕಿಂತ ಹೆಚ್ಚು.

ರಾತ್ರಿಯ ಲೆಕ್ಕವೂ ಅಷ್ಟೇ ಮುಖ್ಯ. ಹಗಲಿಡೀ ಚರ್ಮಕ್ಕೆ ರಕ್ತ ಹರಿಸಿ ದಣಿದ ಹೃದಯ ಚೇತರಿಸಿಕೊಳ್ಳುವುದು ರಾತ್ರಿ ತಂಪಾದಾಗ. ಕಾಂಕ್ರೀಟ್ ಗೋಡೆ, ತಾರಸಿಗಳು ಕಾದದ್ದನ್ನು ಬೆಳಗಿನವರೆಗೂ ಒಳಕ್ಕೆ ಉಗುಳುತ್ತಿದ್ದರೆ ಆ ಬಿಡುವು ಸಿಗುವುದಿಲ್ಲ. 1995ರ ಜುಲೈನಲ್ಲಿ ಶಿಕಾಗೊದಲ್ಲಿ 700ಕ್ಕೂ ಹೆಚ್ಚು ಜನ, 2003ರಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15 ಸಾವಿರ ಜನ ಸೆಕೆಗೆ ಬಲಿಯಾದರು. ಎರಡು ಕಡೆಯೂ ರಾತ್ರಿಗಳು ತಣಿದಿರಲಿಲ್ಲ. ಸತ್ತವರಲ್ಲಿ ವೃದ್ಧರು, ಒಂಟಿಯಾಗಿದ್ದವರು ಬಹಳ.

ಅಂಕಿಗಳ ಜೊತೆ ನಾಲ್ಕು ಸಾಲು ಸೂಚನೆಯೂ ಇರಲಿ. ಸೆಕೆಗೆ ಮೈ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೊದಲ ದಿನ ಶೇ 20ರಷ್ಟು ಮಾತ್ರ ಕೆಲಸ ಕೊಟ್ಟು, ದಿನಕ್ಕೆ ಶೇ 20ರಂತೆ ಏರಿಸಬೇಕು. ಬಾಯಾರಿಕೆಗೆ ಕಾಯದೆ 15–20 ನಿಮಿಷಕ್ಕೊಮ್ಮೆ ಕಾಲು ಲೀಟರಿನಷ್ಟು ನೀರು ಕುಡಿಯಬೇಕು, ಆದರೆ ಗಂಟೆಗೆ ಒಂದೂವರೆ ಲೀಟರ್ ಮೀರಬಾರದು; ಮೀರಿದರೆ ರಕ್ತದ ಸೋಡಿಯಂ ಇಳಿದು ಅದೇ ಅಪಾಯವಾಗುತ್ತದೆ. ಗಾಳಿ 40 ಡಿಗ್ರಿ ಮೀರಿದಾಗ ಬರೀ ಫ್ಯಾನು ಮೈಯನ್ನು ಕಾಯಿಸುತ್ತದೆ, ಮೈ ಒದ್ದೆ ಮಾಡಿಕೊಳ್ಳಬೇಕು. ಮೂತ್ರ ಹೆಚ್ಚಿಸುವ ಮಾತ್ರೆ, ಬೀಟಾ ಬ್ಲಾಕರ್ (ರಕ್ತದೊತ್ತಡ, ಹೃದಯದ ಕಾಯಿಲೆಗೆ ಕೊಡುವ ಒಂದು ಬಗೆಯ ಔಷಧ), ಕೆಲವು ಮಾನಸಿಕ ಕಾಯಿಲೆಗಳ ಔಷಧ ತೆಗೆದುಕೊಳ್ಳುವವರು ಬೇಸಿಗೆಗೆ ಮೊದಲೇ ವೈದ್ಯರನ್ನು ಕೇಳಬೇಕು, ತಾವಾಗಿ ನಿಲ್ಲಿಸಕೂಡದು.

ಬಿಸಿಲಲ್ಲಿದ್ದವರು ತೊದಲತೊಡಗಿದರೆ, ತಬ್ಬಿಬ್ಬಾದರೆ, ಕುಸಿದುಬಿದ್ದರೆ ಅದನ್ನು ಹೀಟ್ ಸ್ಟ್ರೋಕ್ ಎಂದೇ ತಿಳಿಯಬೇಕು. ಮೈ ಒಣಗಿರಲೇಬೇಕೆಂದಿಲ್ಲ, ದುಡಿಯುತ್ತಿದ್ದವರು ಬೆವರುತ್ತಲೂ ಇರಬಹುದು. ಆಂಬುಲೆನ್ಸ್‌ಗೆ ಕರೆ ಮಾಡಿ, ಅದು ಬರುವಷ್ಟರಲ್ಲಿ ತಂಪು ಮಾಡಲು ಶುರುಮಾಡಬೇಕು: ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಮುಳುಗಿಸುವುದು ಉತ್ತಮ, ಆಗದಿದ್ದರೆ ಮೈಮೇಲೆ ನೀರು ಸುರಿಯುತ್ತಾ ಗಾಳಿ ಹಾಕಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಇದು ಜ್ವರವಲ್ಲವಾದ್ದರಿಂದ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಕೈಗಾರಿಕಾ ಯುಗಕ್ಕೆ ಮೊದಲಿದ್ದುದಕ್ಕಿಂತ ಭೂಮಿಯ ಸರಾಸರಿ ಉಷ್ಣತೆ ಒಂದೂವರೆ ಡಿಗ್ರಿಗೂ ಹೆಚ್ಚಾದ ಮೊದಲ ವರ್ಷ 2024. ಸೆಕೆ ಹೆಚ್ಚುತ್ತಿರುವುದು ಥರ್ಮಾಮೀಟರಿನಲ್ಲಿ ಮಾತ್ರವಲ್ಲ, ತೇವದಲ್ಲೂ ಎಂಬುದಕ್ಕೆ ಈ ಲೆಕ್ಕ ಸಾಕು.

ಕೊನೆಯದಾಗಿ ಒಂದು ತಾಂತ್ರಿಕ ವಿಷಯ. ತೇವಾಂಶ ಕೊಡುವಾಗ ಬೆಳಗಿನದನ್ನಲ್ಲ, ಗರಿಷ್ಠ ತಾಪಮಾನವಿದ್ದ ಹೊತ್ತಿನದನ್ನು, ಸಮಯ ನಮೂದಿಸಿ ಕೊಡಿ. ಬೆಳಿಗ್ಗೆ 25 ಡಿಗ್ರಿಯಲ್ಲಿ ಶೇ 90 ತೇವಾಂಶವಿದ್ದ ಗಾಳಿಯೇ, ಅದೇ ನೀರಾವಿಯೊಂದಿಗೆ ಮಧ್ಯಾಹ್ನ 36ಕ್ಕೆ ಕಾದಾಗ ಶೇ 48 ತೋರಿಸುತ್ತದೆ. ಬೆಳಗಿನ 90ನ್ನು ಮಧ್ಯಾಹ್ನದ 36ರ ಜೊತೆ ಜೋಡಿಸಿದರೆ ವೆಟ್ ಬಲ್ಬ್ ಲೆಕ್ಕ 34 ದಾಟಿ ಓದುಗರು ಸುಮ್ಮನೆ ಗಾಬರಿಯಾಗುತ್ತಾರೆ. ನಿಜವಾದ ಲೆಕ್ಕ 27ರ ಆಸುಪಾಸು.

– ಓದುಗರೊಬ್ಬರು