ಫೌಂಡ್ರಿಗೆ ಪ್ರಾಜೆಕ್ಟ್ ಮಾಡಲು ಹೊರಟ ಮಗಳಿಗೆ

ತೀರ್ಥಹಳ್ಳಿ

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಮಾಚೇನಹಳ್ಳಿಯ ಫೌಂಡ್ರಿಯೊಂದು (ಕಬ್ಬಿಣ ಎರಕದ ಕಾರ್ಖಾನೆ) ಒಪ್ಪಿದೆ, "ಚಾರ್ಜ್ ಖರ್ಚು ಇಳಿಸುವ ಲೆಕ್ಕ ಮಾಡಿಕೊಡಿ" ಅಂದಿದ್ದಾರೆ ಎಂದು ಓದಿ ತುಂಬಾ ಸಂತೋಷವಾಯಿತು. ಚಾರ್ಜ್ ಅಂದರೆ ಕರಗಿಸಲು ಫರ್ನೇಸಿಗೆ ಹಾಕುವ ಕಬ್ಬಿಣ, ಸ್ಕ್ರ್ಯಾಪುಗಳ ಮಿಶ್ರಣ. ಅಡಿಕೆ ಧಾರಣೆಯ ಮುನ್ಸೂಚನೆ ಬಿಟ್ಟು ಇದನ್ನು ಹಿಡಿದದ್ದು ಒಳ್ಳೆಯದಾಯಿತು. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ವಿಂಗಡಿಸಿದರೂ ಒಂದೇ ಹೆಸರಿನೊಳಗೆ ಚೀಲದಿಂದ ಚೀಲಕ್ಕೆ ಗುಣ ಬೇರೆ. ಆಮದು ನೀತಿ ಬದಲಾದರೆ ಹಿಂದಿನ ಅಂಕಿಗಳು ದಾರಿ ತಪ್ಪಿಸುತ್ತವೆ. ಫೌಂಡ್ರಿಯಲ್ಲಾದರೆ ನಿನ್ನ ಉತ್ತರ ಸರಿಯೋ ತಪ್ಪೋ ಎಂದು ಒಂದು ಹೀಟ್, ಅಂದರೆ ಫರ್ನೇಸಿನ ಒಂದು ಸಲದ ಲೋಹ, ಕರಗಿಸಿದರೆ ಗೊತ್ತಾಗುತ್ತದೆ.

ಅವರು ಹೇಳಿದ ಆ ಸಾಲು ಅವರ ಚಿಂತೆ. ಅದನ್ನು ಗಣಿತಕ್ಕೆ ದಕ್ಕುವ ಪ್ರಶ್ನೆ ಮಾಡುವುದೇ ನಿನ್ನ ಅರ್ಧ ಕೆಲಸ. ಹೆಚ್ಚಿನ ಪ್ರಾಜೆಕ್ಟುಗಳು ಕೆಡುವುದು ಇಲ್ಲೇ. ವಿದ್ಯಾರ್ಥಿ ಮೊದಲ ವಾರವೇ ಸಾಫ್ಟ್‌ವೇರ್ ತೆರೆದು ಕೂರುತ್ತಾನೆ, ಹನ್ನೆರಡನೇ ವಾರಕ್ಕೆ ಮ್ಯಾನೇಜರ್ "ನಮಗೆ ಬೇಕಿದ್ದದ್ದು ಇದಲ್ಲ" ಅನ್ನುತ್ತಾರೆ. ಹದಿನಾರು ವಾರದಲ್ಲಿ ಮೊದಲ ಮೂರನ್ನು ಪ್ರಶ್ನೆಗೇ ಇಡು. ರೇಖೀಯ ಮಿತಿಗಳೊಳಗೆ ಅತ್ಯುತ್ತಮ ಉತ್ತರ ಹುಡುಕುವ ಲೀನಿಯರ್ ಪ್ರೋಗ್ರಾಮಿಂಗ್ ಹುಟ್ಟಿದ್ದೂ ಇಂಥ ಚಿಂತೆಯಿಂದಲೇ. ಲೆನಿನ್‌ಗ್ರಾಡಿನ ಪ್ಲೈವುಡ್ ಉದ್ಯಮದವರು ಯಾವ ಯಂತ್ರಕ್ಕೆ ಯಾವ ಮರ ಹಾಕಬೇಕೆಂದು ಕೇಳಿದ್ದನ್ನು ಸೋವಿಯತ್ ಗಣಿತಜ್ಞ ಕ್ಯಾಂಟೊರೊವಿಚ್ 1939ರಲ್ಲಿ ಸಾಮಾನ್ಯ ಸಮಸ್ಯೆಯಾಗಿ ಬರೆದರು. ಅಂಥ ಸಮಸ್ಯೆ ಬಿಡಿಸುವ, ಅಮೆರಿಕದ ಡಾಂಟ್ಸಿಗ್ ಅವರ ಸಿಂಪ್ಲೆಕ್ಸ್ ವಿಧಾನ ಬಂದದ್ದು 1947ರಲ್ಲಿ.

ಮೂರು ವಾರದ ಕೊನೆಗೆ ನಿನ್ನ ಕೈಯಲ್ಲಿ ಒಂದೇ ಪುಟ ಇರಬೇಕು. ಯಾವ ಪ್ರಮಾಣಗಳನ್ನು ನಿರ್ಧರಿಸಬೇಕು, ಅದನ್ನು ಈಗ ಯಾರು ನಿರ್ಧರಿಸುತ್ತಾರೆ, ದಿನಕ್ಕೊಮ್ಮೆಯೋ ಪ್ರತಿ ಹೀಟಿಗೋ, ಯಾವುದನ್ನು ಬದಲಿಸುವಂತಿಲ್ಲ, ಗೆದ್ದೆವೆಂದು ಯಾವ ಅಳತೆಯಿಂದ ಹೇಳುವುದು, ಯಾವ ದಾಖಲೆ ಯಾವ ತಾರೀಖಿನೊಳಗೆ ಸಿಗಬೇಕು, ಯಾವ ಕೆಲಸ ಈ ಪ್ರಾಜೆಕ್ಟಿಗೆ ಸೇರಿಲ್ಲ: ಇಷ್ಟೂ ಅದರಲ್ಲಿರಲಿ. ಕಾಲೇಜಿನ ಗೈಡ್ ಮೇಡಂ, ಫೌಂಡ್ರಿಯ ಮ್ಯಾನೇಜರ್ ಇಬ್ಬರ ಸಹಿಯೂ ಬೀಳಲಿ. ಆಮೇಲೆ ಬೇಡಿಕೆ ಬದಲಾದರೆ ಬದಲಾಗಲಿ, ಆದರೆ ಆ ಪುಟವನ್ನು ತಿದ್ದಿ ಮತ್ತೆ ಸಹಿ ಹಾಕಿಸು.

ಆ ಮೂರು ವಾರದಲ್ಲಿ ಕಡಿಮೆಯೆಂದರೆ ಎರಡು ಪೂರ್ತಿ ಶಿಫ್ಟ್ ಫರ್ನೇಸಿನ ಹತ್ತಿರ ನಿಂತು ನೋಡು. ಸೇಫ್ಟಿ ಶೂ, ಹೆಲ್ಮೆಟ್, ಕನ್ನಡಕ ಕೇಳಿ ಪಡೆದುಕೋ. ಮೈಮೇಲೆ ಹತ್ತಿಬಟ್ಟೆ ಇರಲಿ, ಸಿಂಥೆಟಿಕ್ ದುಪ್ಪಟ್ಟಾ ಬೇಡವೇ ಬೇಡ. ಒದ್ದೆ ಸ್ಕ್ರ್ಯಾಪ್ ಕರಗಿದ ಲೋಹಕ್ಕೆ ಬಿದ್ದರೆ ನೀರು ಒಮ್ಮೆಲೇ ಆವಿಯಾಗಿ ಲೋಹ ಸಿಡಿಯುತ್ತದೆ. ಚಾರ್ಜ್ ಹಾಕುವ ಹೊತ್ತಿಗೆ ಅವರು ಹೇಳಿದ ಗೆರೆ ದಾಟಬೇಡ.

ಇನ್ನು ದಾಖಲೆ. ಹೀಟ್ ರಿಜಿಸ್ಟರಿನಲ್ಲಿ ಪ್ರತಿ ಹೀಟಿಗೂ ಕಾರ್ಬನ್ ಶೇ. 3.3, ಸಿಲಿಕಾನ್ ಶೇ. 2.0ರ ಆಸುಪಾಸೇ ಕಂಡರೆ ಖುಷಿಪಡಬೇಡ ಮಾರಾಯ್ತಿ. ಬರೆದಿಟ್ಟಿರುವುದು ತಿದ್ದಿದ ಮೇಲಿನ ಕೊನೆಯ ಸ್ಪೆಕ್ಟ್ರೋ (ಲೋಹದಲ್ಲಿ ಯಾವುದು ಎಷ್ಟಿದೆ ಎಂದು ತೋರಿಸುವ ಯಂತ್ರ) ಓದು ಇರಬಹುದು. ಮೊದಲ ಬಾತ್ ಸ್ಯಾಂಪಲ್ಲಿನ (ಕರಗಿದ ಲೋಹದ ಮಾದರಿಯ) ಓದೂ, ತಿದ್ದಲು ಕಾರ್ಬನ್ನಿಗೆ ಎಷ್ಟು ಕಾರ್ಬುರೈಸರ್, ಸಿಲಿಕಾನಿಗೆ ಎಷ್ಟು ಫೆರೊ ಸಿಲಿಕಾನ್ ಹಾಕಿದರೆಂಬುದೂ ಇಲ್ಲದಿದ್ದರೆ ಹಾಕಿದ್ದರಲ್ಲಿ ಎಷ್ಟು ಪಾಲು ಲೋಹಕ್ಕೆ ಸೇರಿತು ಎಂಬ ರಿಕವರಿ ಲೆಕ್ಕ ಸಿಗುವುದಿಲ್ಲ. ರಿಕವರಿ ಇಲ್ಲದೆ ನಿನ್ನ ಮಾಡೆಲ್ಲಿಗೆ ಅರ್ಥವಿಲ್ಲ. ಆದ್ದರಿಂದ ನಾಲ್ಕನೇ ವಾರದಿಂದ ಎರಡು ಕಾಲಮ್ ಹೆಚ್ಚು ಬರೆಯಲು ಫರ್ನೇಸ್ ನೋಡಿಕೊಳ್ಳುವ ಮೆಲ್ಟರ್ ಅವರನ್ನು ಕೇಳಿಕೋ, ಏಕೆ ಬೇಕೆಂದೂ ತಿಳಿಸಿ ಹೇಳು. ತೂಕ ಎಲ್ಲ 50ರ ಗುಣಕದಲ್ಲೇ ಇದೆಯೇ ನೋಡು. ಇದ್ದರೆ ಅದು ಅಂದಾಜಿನ ತೂಕ. ಮತ್ತೊಂದು, ಬೇಸಿಗೆಯ ದಾಖಲೆಯಿಂದ ಕಟ್ಟಿದ ಲೆಕ್ಕ ನಮ್ಮ ಕಡೆಯ ಆಷಾಢಕ್ಕೆ ಹೊಂದುವುದಿಲ್ಲ. ಮಳೆಗೆ ಸ್ಕ್ರ್ಯಾಪ್ ತುಕ್ಕು ಹಿಡಿದರೆ ತೂಗಿದ್ದರಲ್ಲಿ ಒಂದು ಪಾಲು ಸ್ಲ್ಯಾಗ್ (ಕಿಟ್ಟ) ಆಗಿ ಹೋಗುತ್ತದೆ, ಆ ತುಕ್ಕು ಕಾರ್ಬನ್ನನ್ನೂ ಸಿಲಿಕಾನನ್ನೂ ತಿನ್ನುತ್ತದೆ.

ಮಾಡೆಲ್ ಬರೆಯುವುದು ಸುಲಭ. ಪಿಗ್ ಐರನ್ (ಅದಿರಿನಿಂದ ತೆಗೆದ ಬೀಡುಕಬ್ಬಿಣ), ಸ್ಟೀಲ್ ಸ್ಕ್ರ್ಯಾಪ್, ರನ್ನರ್ ರೈಸರ್‌ಗಳ ರಿಟರ್ನ್ಸ್ (ಎರಕದಿಂದ ಕತ್ತರಿಸಿ ಮತ್ತೆ ಕರಗಿಸುವ ತುಂಡುಗಳು), ಕಾರ್ಬುರೈಸರ್, ಫೆರೊ ಸಿಲಿಕಾನ್, ಇವುಗಳ ಕಿಲೋ ನಿನ್ನ ಚರಗಳು. ಒಟ್ಟು ಖರ್ಚು ಕನಿಷ್ಠವಾಗಬೇಕು. ಕಾರ್ಬನ್, ಸಿಲಿಕಾನ್, ಮ್ಯಾಂಗನೀಸ್ ಮಿತಿಯೊಳಗಿರಬೇಕು. ರಿಟರ್ನ್ಸ್ ಅಂಗಳದಲ್ಲಿ ಇದ್ದಷ್ಟೇ ಸಿಗುತ್ತದೆ. ಕಾರ್ಬನ್ ಸಮಾನಾಂಕ ಅಂದರೆ ಕಾರ್ಬನ್ನಿಗೆ ಸಿಲಿಕಾನ್ ಮತ್ತು ರಂಜಕದ ಮೊತ್ತದ ಮೂರನೇ ಒಂದು ಪಾಲು ಕೂಡಿಸಿದ್ದು. ಅದೂ ರೇಖೀಯವೇ, ನೇರವಾಗಿ ನಿರ್ಬಂಧವಾಗಿ ಬರೆಯಬಹುದು. ಎಕ್ಸೆಲ್ಲಿನ ಸಾಲ್ವರ್ ಸಾಕು, 200 ಚರಗಳವರೆಗೆ ತಾಳುತ್ತದೆ. ನೀನು ಪೈಥಾನಿನಲ್ಲಿ ಮಾಡಿಕೊಟ್ಟರೆ ನೀನು ಹೋದ ಮೇಲೆ ಅಲ್ಲಿ ಯಾರೂ ಅದನ್ನು ತೆರೆಯುವುದಿಲ್ಲ.

ಕಷ್ಟ ಇರುವುದು ರಿಕವರಿಯಂಥ ಗುಣಾಂಕಗಳಲ್ಲಿ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. 500 ಕಿಲೋ ಹೀಟಿನಲ್ಲಿ 100 ಕಿಲೋ ಪಿಗ್ ಐರನ್ ತೆಗೆದು ಅಷ್ಟೇ ಸ್ಟೀಲ್ ಸ್ಕ್ರ್ಯಾಪ್ ಹಾಕಿದೆ ಎಂದುಕೋ. ಪಿಗ್ಗಿನಲ್ಲಿ ಕಾರ್ಬನ್ ಶೇ. 4, ಸ್ಟೀಲಿನಲ್ಲಿ ಶೇ. 0.2 ಎಂದರೆ 3.8 ಕಿಲೋ ಕಾರ್ಬನ್ ಕೊರತೆ. ಕಾರ್ಬುರೈಸರ್ ಪೂರ್ತಿ ಕಾರ್ಬನ್ನೇ ಎಂದಿಟ್ಟುಕೊಂಡು ರಿಕವರಿ ಶೇ. 80 ಹಿಡಿದರೆ 4.75 ಕಿಲೋ ಹಾಕಬೇಕು. ಅವತ್ತು ರಿಕವರಿ ಶೇ. 70ಕ್ಕೆ ಇಳಿದರೆ ಸೇರುವುದು 3.325 ಕಿಲೋ, ಇಡೀ ಹೀಟಿನಲ್ಲಿ ಕಾರ್ಬನ್ ಶೇ. 0.095 ಕಡಿಮೆ. ತೆಳು ಭಾಗ ಬೇಗ ತಣಿಯುತ್ತದೆ, ಕಾರ್ಬನ್ ಕಡಿಮೆಯಾದಷ್ಟೂ ಅಲ್ಲಿ ತೀರಾ ಗಡುಸಾದ ಬಿಳಿ ಕಬ್ಬಿಣವಾಗಿ ಗಟ್ಟಿಯಾಗುವ ಸಂಭವ ಹೆಚ್ಚು, ಮಷೀನ್ ಶಾಪಿನಲ್ಲಿ ಟೂಲ್ ಮುರಿಯುತ್ತದೆ. ಚಾರ್ಜಿನಲ್ಲಿ ಉಳಿಸಿದ ಹಣ ಅಲ್ಲಿ ಹೋಯಿತು.

ಇದನ್ನೇ ತಿರುಗಿಸಿ ನಿರ್ಬಂಧ ಮಾಡಿಕೋ. ರಿಕವರಿ ಶೇ. 70ರಿಂದ 85ರವರೆಗೆ ಓಡಾಡುತ್ತದೆಂದು ನಿನ್ನ ದಾಖಲೆ ಹೇಳಿತು, ಕಾರ್ಬನ್ನಿಗೆ ಶೇ. 3.25ರಿಂದ 3.40ರ ಕಿಂಡಿ ಇದೆ ಎಂದುಕೊಳ್ಳೋಣ. ಆ ಕಿಂಡಿಯ ಅಗಲ 500 ಕಿಲೋದಲ್ಲಿ 0.75 ಕಿಲೋ. ಕಾರ್ಬುರೈಸರಿನ ತೂಕವನ್ನು 0.15ರಿಂದ (ರಿಕವರಿಯ ಶೇ. 70, 85ರ ನಡುವಿನ ಅಂತರ) ಗುಣಿಸಿದ್ದು ಅದನ್ನು ಮೀರಬಾರದು, ಅಂದರೆ 5 ಕಿಲೋ ಮಿತಿ. ಅದಕ್ಕಿಂತ ಹೆಚ್ಚು ಹಾಕಿದರೆ ಮತ್ತೆ ಸ್ಯಾಂಪಲ್, ಮತ್ತೆ ತಿದ್ದುವಿಕೆ, ಫರ್ನೇಸಿನ ಹೊತ್ತು, ಕರೆಂಟಿನ ಬಿಲ್ಲು. ಸ್ಟೀಲ್ ಅಗ್ಗ ಎಂದು ಸಾದಾ ಮಾಡೆಲ್ ಎಷ್ಟು ಸ್ಟೀಲ್ ಕೇಳಿದರೂ ಈ ಮಿತಿ ಅದನ್ನು ತಡೆಯುತ್ತದೆ. "ಪ್ರಾಜೆಕ್ಟಿನಲ್ಲಿ ಗಣಿತ ಎಲ್ಲಿದೆ?" ಎಂದು ವೈವಾದಲ್ಲಿ ಕೇಳಿದರೆ ಇದನ್ನೇ ಬೋರ್ಡಿನ ಮೇಲೆ ಬರೆ. ಗೈಡ್ ಮೇಡಂಗೆ ಬೇಕಾದ ದ್ವೈತತೆ, ಸೂಕ್ಷ್ಮತಾ ವಿಶ್ಲೇಷಣೆ, ರೋಬಸ್ಟ್ ಆಪ್ಟಿಮೈಸೇಶನ್ ಎಲ್ಲವೂ ಇದರಿಂದಲೇ ಸಹಜವಾಗಿ ಬೆಳೆಯುತ್ತವೆ, ಹೊರಗಿನಿಂದ ತಂದು ಅಂಟಿಸಬೇಕಿಲ್ಲ.

ಸಾಲ್ವರ್ 137.42 ಕಿಲೋ ಎಂದು ಉತ್ತರ ಕೊಡುತ್ತದೆ. ಅಂಗಳದಲ್ಲಿ ಹಾಗೆ ತೂಗುವವರಿಲ್ಲ. ಪಿಗ್ ಐರನ್, ಸ್ಟೀಲಿನಂಥ ಹೆಚ್ಚು ತೂಕದ ಸರಕನ್ನು ಹತ್ತಿರದ 10 ಕಿಲೋಗೆ ಸುತ್ತು, ಆದರೆ ಸುತ್ತಿದ ಮೇಲೆ ಕಾರ್ಬನ್ ಸಿಲಿಕಾನ್ ಮತ್ತೆ ಲೆಕ್ಕ ಹಾಕಿ ಮಿತಿಯೊಳಗಿದೆಯೇ ನೋಡು. ಇದನ್ನು ಮರೆಯುವವರೇ ಜಾಸ್ತಿ. ಪರಿಹಾರವೇ ಇಲ್ಲವೆಂದು ಬಂದರೆ ಯಾವ ಎರಡು ಮಿತಿಗಳು ಒಂದಕ್ಕೊಂದು ಅಡ್ಡ ಬಂದಿವೆ ಎಂದು ಒಂದೊಂದನ್ನೇ ಸಡಿಲಿಸಿ ಹುಡುಕು.

ಹಳೆಯ ಹೀಟುಗಳನ್ನು ಗುಣಾಂಕ ತೆಗೆಯಲು ಒಂದು ಪಾಲು, ಮಾಡೆಲ್ ಪರೀಕ್ಷಿಸಲು ಒಂದು ಪಾಲು ಎಂದು ಯಾದೃಚ್ಛಿಕವಾಗಿ ಹಂಚಬೇಡ. ಒಂದೇ ಲಾಟಿನ ಸ್ಕ್ರ್ಯಾಪ್ ಎರಡೂ ಕಡೆ ಸೇರಿ ಫಲಿತಾಂಶ ಚೆನ್ನಾಗಿ ಕಾಣುತ್ತದೆ. ಮೊದಲ ತಿಂಗಳುಗಳಿಂದ ಗುಣಾಂಕ ತೆಗೆ, ಕೊನೆಯ ತಿಂಗಳಿನ ಮೇಲೆ ಪರೀಕ್ಷಿಸು. ಹೋಲಿಕೆ ಮೆಲ್ಟರ್ ಅವರ ಈಗಿನ ಅಂದಾಜಿನ ಜೊತೆಗೇ ಇರಲಿ. ವರ್ಷಗಟ್ಟಲೆ ಕಬ್ಬಿಣ ಕಾಯಿಸಿದವರ ಕೈಲೆಕ್ಕ ಕನಿಷ್ಠ ಖರ್ಚಿಗೆ ತೀರಾ ಹತ್ತಿರ ಇದ್ದರೆ ಅದೂ ಒಂದು ಫಲಿತಾಂಶವೇ, ಹಾಗೆಯೇ ವರದಿಯಲ್ಲಿ ಬರೆ. ಹನ್ನೆರಡು, ಹದಿಮೂರನೇ ವಾರ ನಾಲ್ಕೈದು ಪ್ರಯೋಗದ ಹೀಟ್ ಕೇಳು, ದಪ್ಪ ಗೋಡೆಯ, ಅಷ್ಟು ಸೂಕ್ಷ್ಮವಲ್ಲದ ಕಾಸ್ಟಿಂಗ್ ಇರುವ ದಿನ.

ಮೇಡಂ ಹತ್ತಿರ ವಾರಕ್ಕೆ ಅರ್ಧ ಗಂಟೆ, ಫೌಂಡ್ರಿಗೆ ಹದಿನೈದು ದಿನಕ್ಕೊಮ್ಮೆ. ಪ್ರತಿ ಭೇಟಿಯ ಮುನ್ನಾದಿನ ಮೂರು ಸಾಲು ಕಳಿಸು: ಏನಾಯಿತು, ಎಲ್ಲಿ ನಿಂತಿದೆ, ಯಾರಿಂದ ಏನು ಬೇಕು. ವರದಿ ಎರಡು ಬೇಕು. ಕಾಲೇಜಿಗೆ ಪ್ರಮೇಯ, ಕೋಷ್ಟಕಗಳ ಸಮೇತ ದೊಡ್ಡದು. ಫೌಂಡ್ರಿಗೆ ಎರಡು ಪುಟ, ಮೊದಲ ಪ್ಯಾರಾದಲ್ಲೇ ಹೀಟಿಗೆ ಎಷ್ಟು ರೂಪಾಯಿ ಉಳಿತಾಯ, ಯಾವ ಷರತ್ತಿಗೆ. ನೆರಳು ಬೆಲೆಯನ್ನು ಅವರ ಮಾತಿನಲ್ಲಿ ಹೇಳು: "ರಿಟರ್ನ್ಸ್ ಇನ್ನೊಂದು ಕಿಲೋ ಸಿಕ್ಕರೆ ಇಷ್ಟು ಉಳಿಯುತ್ತದೆ."

ಖರೀದಿ ದರ, ಗ್ರಾಹಕರ ಹೆಸರು, ಮಿಶ್ರಣದ ನಿಖರ ಪ್ರಮಾಣ ಇವು ಅವರ ಗುಟ್ಟು. ಕಾಲೇಜಿನ ಪ್ರತಿಯಲ್ಲಿ ದರವನ್ನು ಪಿಗ್ ಐರನ್ 100 ಎಂಬ ಸೂಚ್ಯಂಕಕ್ಕೆ ಇಳಿಸಿ ಬರೆ. ವೈವಾಕ್ಕೆ ಎರಡು ವಾರ ಮೊದಲೇ ಕರಡನ್ನು ಮ್ಯಾನೇಜರ್‌ಗೆ ತೋರಿಸಿ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೋ. ಬೈಂಡಿಂಗ್ ಆದ ಮೇಲೆ ಪುಟ ಕೀಳುವುದಕ್ಕೆ ಆಗುವುದಿಲ್ಲ. ಪ್ರಶ್ನೆಯ ಪುಟದ ಕರಡು ಸಿದ್ಧವಾದಾಗ ಸಹಿಗೆ ಕೊಡುವ ಮೊದಲು ನನಗೊಂದು ಪ್ರತಿ ಕಳಿಸು, ಓದಿ ತಿದ್ದಿ ಕಳಿಸುತ್ತೇನೆ.

ಇತಿ
ನಿನ್ನ ದೊಡ್ಡಪ್ಪ