ಪೈಲಟ್ ಹತ್ತಿದ್ಮೇಲೆ ಹಡಗು ಗುದ್ದಿದ್ರೆ ಹೊಣೆ ಯಾರ್ದು? ಬಂದರು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಬಂದರು ಮತ್ತು ಹಡಗು ಸಚಿವರಿಗೆ ನಮಸ್ಕಾರ,

ದೊಡ್ಡ ಹಡಗು ಬಂದರಿನೊಳಗೆ ತಾನಾಗೇ ನುಗ್ಗೋ ಹಾಗಿಲ್ಲ, ಬಂದರಿನವ್ರು ಕಳ್ಸೋ ಪೈಲಟ್, ಅಂದ್ರೆ ಅಲ್ಲಿನ ನೀರಿನ ದಾರಿ ಗೊತ್ತಿದ್ದು ಹಡಗನ್ನ ನಡೆಸಿಕೊಡೋ ಪರಿಣತ, ಹತ್ಲೇಬೇಕು ಅನ್ನೋದು ನಿಮ್ಗೆ ಗೊತ್ತಿರೋದೇ. ಯಾರು ಬರ್ಬೇಕು ಅಂತ ಕ್ಯಾಪ್ಟನ್ ಆರ್ಸೋಕಾಗಲ್ಲ, ಬೇಡ ಅನ್ನೋಕಾಗಲ್ಲ, ಫೀಸ್ ಮಾತ್ರ ಕಟ್ಬೇಕು. ಆಮೇಲೆ ಆ ಪೈಲಟ್ ಲೆಕ್ಕ ತಪ್ಪಿ ಹಡಗು ಹೋಗಿ ಜೆಟ್ಟಿಗೋ ಸೇತುವೆಗೋ ಗುದ್ದಿದ್ರೆ ಕಾನೂನು ಹಿಡಿಯೋದು ಕ್ಯಾಪ್ಟನ್‌ನ, ಮಾಲೀಕರನ್ನ. ನಮ್ಮ 1908ರ ಇಂಡಿಯನ್ ಪೋರ್ಟ್ಸ್ ಆಕ್ಟ್ ಪೈಲಟ್ ಕಡ್ಡಾಯ ಅಂತ ಹೇಳಿ, ಕಡ್ಡಾಯ ಆಗಿದ್ರೂ ಹಾನಿಗೆ ಹಡಗಿನವ್ರೇ ಜವಾಬ್ದಾರಿ ಅಂತಾನೂ ಹೇಳಿ, ಇನ್ನೊಂದು ಸೆಕ್ಷನ್ನಲ್ಲಿ ಪೈಲಟ್ ಮಾಡೋ ತಪ್ಪಿಗೆ ಸರ್ಕಾರ ಹೊಣೆಯಲ್ಲ ಅಂತ ಕೈ ತೊಳ್ಕೊಂಡಿತ್ತು. 2025ರಲ್ಲಿ ಆ ಕಾಯ್ದೆ ಹೋಗಿ ಹೊಸದು ಬಂತು, ಅದರ ಕೆಳಗೆ ರೂಲ್ಸ್ ಬರೆಯೋರು ನೀವು, ಅದಕ್ಕೇ ಈ ಪತ್ರ.

ಪರಿಹಾರದ ದುಡ್ಡು ಮೊದ್ಲು ಮಾಲೀಕರ ಇನ್ಶೂರೆನ್ಸ್‌ನಿಂದ ಬರ್ಲಿ, ಅದಕ್ಕೆ ನನ್ನ ತಕರಾರಿಲ್ಲ. ಬಲೆ ಹಾಳಾದ ಮೀನುಗಾರ ಪೈಲಟ್ ತಪ್ಪೋ ಕ್ಯಾಪ್ಟನ್ ತಪ್ಪೋ ಅಂತ ಸಾಬೀತು ಮಾಡ್ಕೊಂಡು ವರ್ಷಗಟ್ಟಲೆ ಕೋರ್ಟ್ ಅಲೀಬಾರ್ದು. ಪೈಲಟ್ ಜೇಬಿಂದ ಅಷ್ಟು ದುಡ್ಡು ಬರೋದೂ ಇಲ್ಲ, ಬ್ರಿಟನ್ನಿನ 1987ರ ಕಾಯ್ದೆಯಲ್ಲಿ ಪೈಲಟ್ ಹೊಣೆ ಸಾವಿರ ಪೌಂಡ್ ಮತ್ತೆ ಆ ಟ್ರಿಪ್ಪಿನ ಪೈಲಟೇಜ್ ಚಾರ್ಜ್ ಅಷ್ಟಕ್ಕೇ ಮಿತಿ. ಆದ್ರೆ ದುಡ್ಡು ಕಟ್ಟೋನು ಅಂದ ಮಾತ್ರಕ್ಕೆ ತಪ್ಪು ಮಾಡಿದೋನೂ ಅವ್ನೇ ಅಂತ ಫೈಲ್ ಮುಚ್ಚಿಬಿಡ್ತಾರಲ್ಲ, ನನ್ನ ಜಗಳ ಅಲ್ಲಿ.

ಹಡಗಿನ ಬ್ರಿಡ್ಜ್ ಮೇಲೆ, ಅಂದ್ರೆ ಹಡಗು ನಡೆಸೋ ಕೋಣೇಲಿ, ವಾಚ್ ಡ್ಯೂಟಿಗೆ ನಿಂತವ್ನಾಗಿ ಒಂದು ಮಾತು ಹೇಳ್ತೀನಿ. ಲಾಗ್‌ಬುಕ್ಕಲ್ಲಿ ನಾವು ಬರೆಯೋದು ಮಾಸ್ಟರ್ಸ್ ಆರ್ಡರ್, ಪೈಲಟ್ಸ್ ಅಡ್ವೈಸ್ ಅಂತ, ಅಂದ್ರೆ ಆರ್ಡರ್ ಮಾಸ್ಟರ್‌ದು (ಕ್ಯಾಪ್ಟನ್‌ದು), ಪೈಲಟ್‌ದು ಬರೀ ಸಲಹೆ. ಅಲ್ಲಿ ನಡೆಯೋದೇ ಬೇರೆ. ಪೈಲಟ್ ಏಣಿ ಹತ್ತಿ ಮೇಲೆ ಬರ್ತಾರೆ, ಹಡಗಿನ ವಿವರ ಇರೋ ಪೈಲಟ್ ಕಾರ್ಡಿಗೆ ಸೈನ್ ಆಗುತ್ತೆ, ಡ್ರಾಫ್ಟ್ (ಹಡಗು ನೀರಲ್ಲಿ ಮುಳುಗಿರೋ ಆಳ) ಎಷ್ಟು, ಟಗ್ (ಹಡಗನ್ನ ಎಳೆದು ತಳ್ಳೋ ದೋಣಿ) ಎಷ್ಟು ಅಂತ ಎರಡು ನಿಮಿಷ ಮಾತು, ಅಷ್ಟ್ರಲ್ಲಿ ಹಡಗು ಚಾನೆಲ್ ಒಳಗೆ. ಪೋರ್ಟ್ ಟೆನ್, ಅಂದ್ರೆ ಚುಕ್ಕಾಣಿ ಎಡಕ್ಕೆ ಹತ್ತು ಡಿಗ್ರಿ, ಅಂತ ಪೈಲಟ್ ಹೇಳ್ತಾರೆ, ಚುಕ್ಕಾಣಿ ಹಿಡಿದ ಹುಡುಗ ಅದನ್ನೇ ರಿಪೀಟ್ ಮಾಡಿ ತಿರುಗಿಸ್ತಾನೆ, ಕ್ಯಾಪ್ಟನ್ ಪಕ್ಕದಲ್ಲಿ ನಿಂತು ನೋಡ್ತಿರ್ತಾರೆ. ಟಗ್‌ಗಳ ಜೊತೆ ವಾಕಿಟಾಕಿಯಲ್ಲಿ ಮಾತು ನಡೆಯೋದು ಆ ಊರಿನ ಭಾಷೇಲಿ, ಕ್ಯಾಪ್ಟನ್‌ಗೆ ಒಂದಕ್ಷರ ಅರ್ಥ ಆಗಲ್ಲ. ಪೈಲಟ್ ಇದ್ರೂ ಮಾಸ್ಟರ್ ಜವಾಬ್ದಾರಿ ಕಮ್ಮಿ ಆಗಲ್ಲ ಅಂತ ನಾವಿಕರ ತರಬೇತಿ ಮತ್ತೆ ವಾಚ್ ಬಗ್ಗೆ ಇರೋ ಅಂತಾರಾಷ್ಟ್ರೀಯ ನಿಯಮ, ಎಸ್‌ಟಿಸಿಡಬ್ಲ್ಯೂ ಕೋಡ್, ಹೇಳುತ್ತೆ, ಅನುಮಾನ ಬಂದ್ರೆ ಕಂಟ್ರೋಲ್ ತಗೋ ಅಂತಾರೆ, ಸರಿ, ಆದ್ರೆ ಇಕ್ಕಟ್ಟು ಚಾನೆಲ್ಲಲ್ಲಿ ಆ ಅನುಮಾನ ಗಟ್ಟಿಯಾಗೋ ಹೊತ್ತಿಗೆ ಹಡಗು ನಿಲ್ಸೋಕೆ ಜಾಗಾನೇ ಉಳಿದಿರಲ್ಲ.

ಎವರ್ ಗಿವನ್ ಅನ್ನೋ ಕಂಟೇನರ್ ಹಡಗು ನೆನಪಿರ್ಬೇಕು ನಿಮ್ಗೆ, 2021ರ ಮಾರ್ಚ್ 23ಕ್ಕೆ ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಾಕ್ಕೊಂಡಿದ್ದು. ಬ್ರಿಡ್ಜ್ ಮೇಲೆ ಕಾಲುವೆಯವ್ರದ್ದೇ ಇಬ್ಬರು ಪೈಲಟ್. ಆರು ದಿನಕ್ಕೆ ಹಡಗು ಬಿಡಿಸಿದ್ರು, ಬಿಡಿಸಿದ್ಮೇಲೆ ಕಾಲುವೆ ಆಡಳಿತ 91.6 ಕೋಟಿ ಡಾಲರ್ ಕೇಳ್ತು, ಕೋರ್ಟ್ ಆರ್ಡರ್ ತಂದು ಹಡಗು ಹಿಡಿದಿಟ್ಕೊಂಡಿತು, ಕೊನೆಗೆ ಹೊರಡೋಕೆ ಬಿಟ್ಟಿದ್ದು ಜುಲೈ 7ಕ್ಕೆ. ಸಿಬ್ಬಂದಿ 25 ಜನಾನೂ ಭಾರತೀಯರು ಸರ್! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂದ್ರೆ ಇದೇ ತಾನೆ.

ಹಾಗಂತ ಪೈಲಟ್‌ನ ಜೈಲಿಗೆ ಹಾಕಿದ್ರೆ ಸರಿಹೋಗುತ್ತೆ ಅಂತಾನೂ ಅಲ್ಲ. 2007ರ ನವೆಂಬರ್ 7ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದಟ್ಟ ಮಂಜಲ್ಲಿ ಕಾಸ್ಕೋ ಬುಸಾನ್ ಅನ್ನೋ ಹಡಗು ಬೇ ಬ್ರಿಡ್ಜ್ ಸೇತುವೆಗೆ ಉಜ್ಜಿ ಸುಮಾರು 53,000 ಗ್ಯಾಲನ್ ಎಣ್ಣೆ ನೀರಿಗೆ ಹೋಯ್ತು. ಎಲೆಕ್ಟ್ರಾನಿಕ್ ಚಾರ್ಟಲ್ಲಿ ಕಾಣ್ತಿರೋ ಕೆಂಪು ತ್ರಿಕೋನ ಏನು ಅಂತ ಪೈಲಟ್ಟೇ ಕ್ಯಾಪ್ಟನ್‌ನ ಕೇಳಿದ್ದು ರೆಕಾರ್ಡ್ ಆಗಿದೆ, ಅಂದ್ರೆ ಇಬ್ರೂ ಒಬ್ರ ಮೇಲೊಬ್ರು ಭಾರ ಹಾಕಿ ನಿಂತಿದ್ರು. ಪೈಲಟ್‌ಗೆ ಹತ್ತು ತಿಂಗಳು ಜೈಲಾಯ್ತು, ಹಡಗು ನಡೆಸ್ತಿದ್ದ ಕಂಪನಿಗೆ ಒಂದು ಕೋಟಿ ಡಾಲರ್ ದಂಡ. ಆದ್ರೆ ತನಿಖೆಯವ್ರು ಅಲ್ಲಿಗೆ ನಿಲ್ಲಿಸ್ಲಿಲ್ಲ, ಪೈಲಟ್ ತಗೋತಿದ್ದ ಮಾತ್ರೆಗಳ ವಿಷ್ಯ ತೆಗೆದು, ಇಂಥವ್ರಿಗೆ ಮೆಡಿಕಲ್ ಕ್ಲಿಯರೆನ್ಸ್ ಕೊಡೋ ವ್ಯವಸ್ಥೆಯಲ್ಲೇ ತೂತಿದೆ ಅಂತ ಬರೆದ್ರು. ನಂಗೆ ಬೇಕಾಗಿರೋದು ಆ ಕೊನೇ ಭಾಗ.

ಬಂದರನ್ನೇ ಕಟಕಟೆಗೆ ತಂದ ಉದಾಹರಣೆನೂ ಇದೆ. 1996ರ ಫೆಬ್ರವರಿಯಲ್ಲಿ ವೇಲ್ಸ್‌ನ ಮಿಲ್ಫೋರ್ಡ್ ಹೇವನ್ ಬಾಯಲ್ಲಿ ಸೀ ಎಂಪ್ರೆಸ್ ಟ್ಯಾಂಕರ್ ಬಂಡೆಗೆ ಹತ್ತಿ 72,000 ಟನ್ ಕಚ್ಚಾ ಎಣ್ಣೆ ಚೆಲ್ತು. ಆ ಗಾತ್ರದ ಟ್ಯಾಂಕರ್ ನಡೆಸೋಕೆ ಬೇಕಾದ ಟ್ರೇನಿಂಗ್, ಅನುಭವ ಪೈಲಟ್‌ಗೆ ಸಾಲದಾಗಿತ್ತು. ಬಂದರು ಆಡಳಿತ ತಪ್ಪೊಪ್ಕೊಂಡು 40 ಲಕ್ಷ ಪೌಂಡ್ ದಂಡ ಬಿತ್ತು, ಅಪೀಲಲ್ಲಿ 7.5 ಲಕ್ಷಕ್ಕೆ ಇಳೀತು, ಇಳೀಲಿ ಬಿಡಿ, ತಪ್ಪು ಬಂದರಿನ ಹೆಸರಲ್ಲಿ ದಾಖಲಾಯ್ತಲ್ಲ. ಇನ್ನು ಪನಾಮಾ ಕಾಲುವೆಯಲ್ಲಿ ಹಡಗಿನ ಕಂಟ್ರೋಲೇ ಪೈಲಟ್‌ದು, ಅದಕ್ಕೆ ತಕ್ಕಂಗೆ ಕಾಲುವೆಯವ್ರ ತಪ್ಪಿದ್ರೆ ಪರಿಹಾರಾನೂ ಅವ್ರೇ ಕೊಡೋ ವ್ಯವಸ್ಥೆ ಇದೆ. ಅಲ್ಲಿ ಆಗೋದು ಬೇರೆ ಕಡೆ ಯಾಕಾಗಲ್ಲ?

ಪೈಲಟ್‌ಗಳ ಮೇಲೆ ನಂಗೆ ಸಿಟ್ಟಿಲ್ಲ. 2024ರ ಮಾರ್ಚಲ್ಲಿ ಬಾಲ್ಟಿಮೋರಲ್ಲಿ ಡಾಲಿ ಹಡಗು ಕರೆಂಟ್ ಹೋಗಿ ಸೇತುವೆಗೆ ಗುದ್ದೋ ಮುಂಚೆ, ಆ ಸೇತುವೆ ಮೇಲೆ ಗಾಡಿ ನಿಲ್ಸಿ ಅಂತ ಟೈಮಿಗೆ ಸುದ್ದಿ ಮುಟ್ಟಿಸಿದ್ದು ಪೈಲಟ್‌ಗಳೇ. ಸೇತುವೆ ಮೇಲಿದ್ದ ಆರು ಜನ ಕೆಲಸಗಾರರು ತೀರ್ಕೊಂಡ್ರು, ಆ ಕರೆ ಇಲ್ದಿದ್ರೆ ಇನ್ನೆಷ್ಟೋ.

ನಾನು ಕೇಳೋದು ಇಷ್ಟು. ಪೈಲಟ್ ಇದ್ದಾಗ ಆದ ಅಪಘಾತದ ತನಿಖೆ ಆ ಬಂದರಿನವ್ರ ಕೈಲಿ ಇರ್ಬಾರ್ದು, ಬೇರೆಯವ್ರು ಮಾಡ್ಲಿ, ರಿಪೋರ್ಟು ಜನರ ಕೈಗೆ ಸಿಗ್ಲಿ. ಪೈಲಟ್‌ಗೆ ನಿದ್ದೆ ಎಷ್ಟಾಗಿತ್ತು, ಟ್ರೇನಿಂಗ್ ಏನಿತ್ತು, ಸಾಕಷ್ಟು ಟಗ್ ಕೊಟ್ಟಿದ್ರಾ, ಚಾನೆಲ್ ಆಳ ಕಾಗದದಲ್ಲಿ ಇದ್ದಷ್ಟೇ ಇತ್ತಾ ಅನ್ನೋದು ಅದರಲ್ಲಿ ಬರ್ಲಿ. ಬಂದರಿನ ಲೋಪ ಅಂತ ತೀರ್ಮಾನ ಆದ್ರೆ, ಇನ್ಶೂರೆನ್ಸ್ ಕಟ್ಟಿದ ದುಡ್ಡಲ್ಲಿ ಒಂದು ಪಾಲು, ಮಿತಿ ಹಾಕಿಯಾದ್ರೂ, ಬಂದರಿಂದ ವಸೂಲಾಗೋ ಹಾಗೆ ರೂಲ್ ಬರೀರಿ. ಇನ್ಶೂರೆನ್ಸ್‌ನವ್ರು ಗ್ಯಾರಂಟಿ ಲೆಟರ್ ಕೊಟ್ಮೇಲೆ ಸಿಬ್ಬಂದಿನ ಒತ್ತೆ ಇಟ್ಕೋಬಾರ್ದು, ನಮ್ಮ ಬಂದರಲ್ಲೂ ಅಷ್ಟೇ, ಬೇರೆ ದೇಶದಲ್ಲಿ ನಮ್ಮ ಹುಡುಗ್ರು ಸಿಕ್ಕಾಕ್ಕೊಂಡಾಗ್ಲೂ ಅಷ್ಟೇ. ವಿಶ್ವಸಂಸ್ಥೆಯ ಹಡಗು ಸಂಸ್ಥೆ ಐಎಂಒ ಮೀಟಿಂಗಲ್ಲಿ ಇದನ್ನ ಭಾರತದ ಹೆಸರಲ್ಲಿ ಎತ್ತೋಕೆ ನಿಮ್ಗೆ ಯಾರ ಪರ್ಮಿಷನ್ನೂ ಬೇಡ.

ಇಂತಿ,
ಬ್ರಿಡ್ಜ್ ಮೇಲೆ ವಾಚ್ ನಿಂತ ಒಬ್ಬ ಕನ್ನಡಿಗ