ಮುಖಪುಟಕ್ಕೆ ಆ ಫೋಟೊ ಬೇಡ

ಪ್ರೀತಿಯ ಗೆಳೆಯಾ,

ಅಂಕೋಲೆಯ ಶಿರೂರು ಗುಡ್ಡ ಕುಸಿತದ ಮೇಲೆ ನೀನು ಬರೆದ ಡೆತ್ ಮೆಟಲ್ ಹಾಡು, ಅದೇ ಸಾವು-ನೋವನ್ನು ಅಬ್ಬರದಲ್ಲಿ ಹಾಡುವ ರಾಕ್ ಬಗೆ, ಓದಿದೆ. ಆಲ್ಬಮ್ಮಿನ ಮುಖಪುಟಕ್ಕೆಂದು ಪತ್ರಿಕೆಯಿಂದ ತೆಗೆದಿಟ್ಟುಕೊಂಡ, ಅಲ್ಲಿ ಸತ್ತವನ ಶವದ ಫೋಟೊವನ್ನೂ ನೋಡಿದೆ. ಹಾಡನ್ನು ತಿದ್ದಬಹುದು. ಫೋಟೊ ಮಾತ್ರ ಬೇಡ.

ಗುರುಗುಟ್ಟುವ ಗ್ರೋಲ್ ದನಿಯಲ್ಲಿ, ಡ್ರಮ್ಮಿನ ಬಿರುಸು ಬಡಿತವಾದ ಬ್ಲಾಸ್ಟ್ ಬೀಟ್‌ನ ಓಟದಲ್ಲಿ ನಿನ್ನ ಮಾತು ಕೇಳುಗನ ಕಿವಿಗೆ ಸಿಗುವುದು ಕಡಿಮೆ. ಅವನು ಓದುವುದು ಮುಖಪುಟವನ್ನೇ. ಒಳಗೆ ಎಷ್ಟೇ ಮರುಗಿ ಬರೆದಿದ್ದರೂ ಹೊರಗೆ ಕಾಣುವುದು ಒಂದು ಶವ. ನಾಳೆ ಅದು ಟೀ ಶರ್ಟಿಗೆ ಅಚ್ಚಾಗಿ ಪೇಟೆಯಲ್ಲಿ ತಿರುಗುತ್ತದೆ. ಸತ್ತವನ ತಾಯಿ ಮೀನು ಕೊಳ್ಳಲು ಬರುವುದೂ ಅದೇ ಪೇಟೆಗೆ.

ನಾರ್ವೆಯ ಮೇಹೆಮ್ ಎಂಬ ಮೆಟಲ್ ಬ್ಯಾಂಡಿನ, ಡೆಡ್ ಎಂದೇ ಕರೆಸಿಕೊಳ್ಳುತ್ತಿದ್ದ ಗಾಯಕ 1991ರ ಏಪ್ರಿಲ್ 8ರಂದು ಆತ್ಮಹತ್ಯೆ ಮಾಡಿಕೊಂಡ. ವಯಸ್ಸು 22. ಗಿಟಾರ್ ನುಡಿಸುತ್ತಿದ್ದ ಯೂರೊನಿಮಸ್ ಪೊಲೀಸರಿಗೆ ತಿಳಿಸುವ ಮೊದಲು ಹೆಣದ ಫೋಟೊ ತೆಗೆದ. 1995ರಲ್ಲಿ ಅದು ಒಂದು ಬೂಟ್‌ಲೆಗ್, ಎಂದರೆ ಅನಧಿಕೃತ, ಆಲ್ಬಮ್ಮಿನ ಮುಖಪುಟವಾಯಿತು. ಯೂರೊನಿಮಸ್ 1993ರಲ್ಲೇ ಕೊಲೆಯಾಗಿದ್ದ. ತೆಗೆದವನೇ ಇಲ್ಲದ ಮೇಲೆ ಚಿತ್ರವನ್ನು ಹಿಂದಕ್ಕೆ ಕರೆಯುವವರು ಯಾರು?

ಹೆಸರಿಲ್ಲದ ದೇಹವಾದರೆ ತಪ್ಪಿಲ್ಲ ಎನ್ನುವವರಿದ್ದಾರೆ. ಇಂಗ್ಲೆಂಡಿನ ಕಾರ್ಕಸ್ ಬ್ಯಾಂಡ್ 1988ರ ಮೊದಲ ಆಲ್ಬಮ್ಮಿಗೆ ವೈದ್ಯಕೀಯ ಪತ್ರಿಕೆಗಳ ಶವಪರೀಕ್ಷೆ ಚಿತ್ರಗಳನ್ನೇ ಕತ್ತರಿಸಿ ಜೋಡಿಸಿತು. ಕಲಿಯುವವರಿಗಾಗಿ ತೆಗೆದ ಚಿತ್ರಗಳವು, ಮುಖಪುಟಕ್ಕಲ್ಲ. ನನಗೆ ಆ ವಾದ ಒಪ್ಪಿಗೆಯಿಲ್ಲ.

ಇನ್ನು ನಿನ್ನ ಎರಡನೆಯ ಚರಣ. ಅಲ್ಲಿ ಗಾಯಗಳ ಪಟ್ಟಿಯಿದೆ, ಹೇಳುವವನು ಎಲ್ಲಿ ನಿಂತಿದ್ದಾನೆಂದು ಗೊತ್ತಾಗುವುದಿಲ್ಲ. 1986ರಲ್ಲಿ ಅಮೆರಿಕದ ಸ್ಲೇಯರ್ ಬ್ಯಾಂಡ್ ಔಷ್ವಿಟ್ಜ್ ಶಿಬಿರದ ನಾಜಿ ವೈದ್ಯ ಮೆಂಗೆಲೆಯ ಕ್ರೌರ್ಯವನ್ನು ಹೀಗೆಯೇ ಎಣಿಸಿ ಹಾಡಿತು. ಕೊಲಂಬಿಯಾ ರೆಕಾರ್ಡ್ ಕಂಪನಿ ಆ ಆಲ್ಬಮ್ಮನ್ನು ಹಂಚಲು ಒಪ್ಪಲಿಲ್ಲ. ನಾಜಿಗಳ ಪರ ಎಂಬ ಆರೋಪವನ್ನು ಬ್ಯಾಂಡ್ ವರ್ಷಗಟ್ಟಲೆ ಅಲ್ಲಗಳೆಯಬೇಕಾಯಿತು.

ದೇಹ ಬಿಡು, ಗುಡ್ಡ ಬರೆ. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಮೇಲೆ ಚಿರೆಕಲ್ಲು, ಅಡಿಯಲ್ಲಿ ಮೆತ್ತನೆಯ ಶೇಡಿಮಣ್ಣು. ರಸ್ತೆಗೆಂದು ಬುಡವನ್ನು ನೆಟ್ಟಗೆ ಕಡಿದರೆ ಆಧಾರ ತಪ್ಪುತ್ತದೆ. ಆಷಾಢದ ಮಳೆ ಚಿರೆಕಲ್ಲಿನ ತೂತುಗಳಲ್ಲಿ ಇಳಿದು ಶೇಡಿಯನ್ನು ಸಾಬೂನಿನಂತೆ ಜಾರಿಸುತ್ತದೆ. ಗಿಟಾರಿಗೆ ಇದಕ್ಕಿಂತ ಭಾರದ ರಿಫ್ ಬೇಕೇ? 2024ರ ಜುಲೈ 16ರ ಕುಸಿತದಲ್ಲಿ ಕಾಣೆಯಾದ ಲಾರಿ ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ದಡದಲ್ಲಿ ಕಾದ ಆ ದಿನಗಳನ್ನು ನಿಧಾನಗತಿಯ ಡೂಮ್ ಭಾಗಕ್ಕೆ ಇಡು.

ಪತ್ರಿಕೆಯ ಫೋಟೊಗೆ ಛಾಯಾಗ್ರಾಹಕನ ಜೀವಮಾನವೂ ಅವನು ತೀರಿದ ಮೇಲೆ 60 ವರ್ಷವೂ ಕೃತಿಸ್ವಾಮ್ಯ ಇರುತ್ತದೆ. ಛಾಯಾಗ್ರಾಹಕ ಹೂಂ ಎಂದರೂ ಅದು ಮನೆಯವರ ಒಪ್ಪಿಗೆಯಲ್ಲ. ಅವರನ್ನು ಕೇಳುವುದಾದರೆ ಪೂರ್ತಿ ಸಾಹಿತ್ಯವನ್ನೂ ಮುಖಪುಟವನ್ನೂ ಅಚ್ಚು ಹಾಕಿಸಿ ಕೈಗೆ ಕೊಡು, ವರ್ಷಾಂತಿಕದ ದಿನಗಳಲ್ಲಿ ಆ ಬಾಗಿಲಿಗೆ ಹೋಗಬೇಡ. ಉತ್ತರ ಬಾರದಿದ್ದರೆ ಬೇಡ ಎಂದೇ ತಿಳಿ.

ಮುಖಪುಟಕ್ಕೆ ಯಕ್ಷಗಾನದ ಬಣ್ಣದ ವೇಷ ನೋಡು: ಕಪ್ಪು, ಕೆಂಪು, ಬಿಳಿಯಲ್ಲೇ ಮಕ್ಕಳು ಬೆಚ್ಚುವ ರಾಕ್ಷಸ ಎದ್ದು ನಿಲ್ಲುತ್ತಾನೆ. ಮೂರನೆಯ ಚರಣದಲ್ಲಿ ಊರಿನ ಹೆಸರು ಇರಲಿ, ಜನರ ಹೆಸರು ತೆಗೆ. ತಿದ್ದಿದ ಪ್ರತಿಗೆ ಕಾಯುತ್ತಿರುತ್ತೇನೆ.